ಎರಡು ಬಡಿತ

ಬಕೆಟ್ಟಿನ ಮೇಲೆ ಒಂದು ಬಡಿತ ಬಿದ್ದರೆ ಬಕೆಟ್ಟು ತುಂಬಿದೆ ಎಂದು. ಎರಡು ಬಡಿತ ಬಿದ್ದರೆ ಆಳನ್ನೇ ಎಳೆಯಬೇಕು ಎಂದು. ಪಾಯಖಾನೆ ಗುಂಡಿಗೆ ಇಳಿದವನು ಬಾಯಿ ತೆರೆಯುವಂತಿಲ್ಲ. ತೆರೆದರೆ ಒಳಗಿನ ಗಾಳಿ ಗಂಟಲಿಗೆ ಇಳಿಯುತ್ತದೆ. ಅದಕ್ಕೇ ಬೆಟಗೇರಿಯ ಆ ಕೇರಿಯಲ್ಲಿ ಅಪ್ಪ ಮಗನಿಗೆ, ಅಣ್ಣ ತಮ್ಮನಿಗೆ ಕಲಿಸುವ ಮೊದಲ ಮಾತು ಇದು. ಒಂದು ಅಂದರೆ ಬಕೆಟ್ಟು. ಎರಡು ಅಂದರೆ ಜೀವ.

ಹೋದ ವರ್ಷ ವೈಶಾಖದಲ್ಲಿ ಸಕ್ರಪ್ಪ ಎರಡು ಸಲ ಬಡಿದಿದ್ದ. ಮೇಲೆ ಹಗ್ಗ ಹಿಡಿದು ಕೂತಿದ್ದ ತಮ್ಮ ಬಾಬಣ್ಣನಿಗೆ ಅದು ಕೇಳಿಸಿತ್ತು. ಕೇಳಿಸಿತ್ತು ಎನ್ನುವುದು ಬಾಬಣ್ಣನೊಬ್ಬನಿಗೇ ಗೊತ್ತಿತ್ತು.

ಬೆಟಗೇರಿಯ ನೇಕಾರ ಓಣಿಯಲ್ಲಿ ಕೈಮಗ್ಗಗಳು ಕಡಿಮೆಯಾಗಿವೆ. ಆದರೂ ಬೆಳಗಾದರೆ ಏಳೆಂಟು ಕುಣಿಮಗ್ಗಗಳು ಶುರುವಾಗುತ್ತವೆ. ಲಾಳಿ ಆ ಕಡೆ ಹೋಗುತ್ತದೆ, ಹಲಗೆ ಬಡಿಯುತ್ತದೆ. ಈ ಕಡೆ ಬರುತ್ತದೆ, ಹಲಗೆ ಬಡಿಯುತ್ತದೆ. ಬಾಬಣ್ಣ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಸದ್ದು. ಅಣ್ಣ ಸತ್ತ ಮೇಲೆ ಅದರಲ್ಲಿ ಅವನಿಗೆ ಎರಡೆರಡೇ ಕೇಳಿಸತೊಡಗಿತು. ಟಕ್ ಟಕ್. ಆಮೇಲೆ ಮೌನ. ಟಕ್ ಟಕ್. ಮೌನ. ಕುಡಿದರೆ ಮಾತ್ರ ಅದು ನಿಲ್ಲುತ್ತಿತ್ತು. ಅದಕ್ಕೇ ಕುಡಿದ. ಎಂಟು ತಿಂಗಳು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕುಡಿದ.

ಸಕ್ರಪ್ಪನೂ ಮೊದಲು ಕುಡಿಯುತ್ತಿದ್ದವನೇ. ಕುಡಿಯದೆ ಗುಂಡಿಗೆ ಇಳಿಯಲು ಯಾವ ಮನುಷ್ಯನಿಂದ ಆಗುತ್ತದೆ? ಸೊಂಟದವರೆಗೆ ಊರಿನ ಹೇಲಿನಲ್ಲಿ ನಿಂತು ಕೈಯಿಂದ ಬಾಚಿ ಬಕೆಟ್ಟಿಗೆ ತುಂಬಬೇಕು. ಮೂಗು ಸಾಯಬೇಕು, ಆಮೇಲೆ ಕೈ ಆಡಬೇಕು. ಮೂಗನ್ನು ಸಾಯಿಸುವುದಕ್ಕೆ ಮನೆಯ ಒಡೆಯರೇ ಒಂದು ಬಾಟಲಿ ಸೆರೆ ತಂದಿಡುತ್ತಿದ್ದರು. ಕುಡಿಯಲು ನೀರು ಕೇಳಿದರೆ ಚೊಂಬು ಎತ್ತಿ ಮೇಲಿಂದ ಸುರಿಯುತ್ತಿದ್ದ ಮಂದಿ, ಸೆರೆಗೆ ಮಾತ್ರ ಹೊಸ ಪ್ಲಾಸ್ಟಿಕ್ ಗ್ಲಾಸು ಕೊಡುತ್ತಿದ್ದರು.

ಸಕ್ರಪ್ಪನಿಗೆ ಇನ್ನೊಂದು ಹುಚ್ಚಿತ್ತು. ಪ್ರತಿ ಗುರುವಾರ ಸಂಜೆ ನೇಕಾರ ಸುಮಿತ್ರವ್ವನ ಪಡಸಾಲೆಯಲ್ಲಿ ಭಜನೆ. ಅಣ್ಣತಮ್ಮಂದಿರು ಚಿಕ್ಕವರಿದ್ದಾಗಿನಿಂದ ಅದನ್ನು ರಸ್ತೆಯ ಈಚೆ, ಲೈಟಿನ ಕಂಬದ ಬುಡದಲ್ಲಿ ಕೂತು ಕೇಳಿದವರು. ಒಳಗೆ ಬನ್ನಿ ಎಂದು ಯಾರೂ ಅಂದಿರಲಿಲ್ಲ. ಬರಬೇಡಿ ಎಂದೂ ಅಂದಿರಲಿಲ್ಲ. ಅನ್ನುವ ಅಗತ್ಯವೇ ಇರಲಿಲ್ಲ. ಸಕ್ರಪ್ಪನಿಗೆ ಅಕ್ಷರ ಬಾರದು, ಪದಗಳು ಮಾತ್ರ ನೂರರ ಮೇಲೆ ಬಾಯಿಪಾಠ. ಒಳಗಿನವರು ಸಾಲು ಮರೆತು ತಡವರಿಸಿದರೆ ಕಂಬದ ಬುಡದಿಂದ ಆ ಸಾಲು ಎದ್ದು ಹೋಗುತ್ತಿತ್ತು.

ಅವನ ಹೆಂಡತಿ ರೇಣುಕವ್ವ ನಸುಕಿನಲ್ಲಿ ರಸ್ತೆ ಗುಡಿಸುವವಳು. ಒಂದು ಆಷಾಢದಲ್ಲಿ ಅವಳು ಗಂಡನನ್ನು, ವಿಠ್ಠಲನ ಭಜನೆ ಹಾಡುತ್ತಾ ನಡೆಯುವ ದಿಂಡಿಯ ಹಿಂದೆ ಪಂಢರಪುರಕ್ಕೆ ಅಟ್ಟಿದಳು. ಅಲ್ಲಿ ಕೊರಳಿಗೆ ತುಳಸಿಮಾಲೆ ಬಿದ್ದವನು ಸೆರೆ ಮುಟ್ಟುವಂತಿಲ್ಲ. ಈ ಕಡೆಯ ಎಷ್ಟೋ ಹೆಂಗಸರು ಗಂಡಂದಿರನ್ನು ಅದಕ್ಕೆಂದೇ ಕಳಿಸುತ್ತಾರೆ. ಸಕ್ರಪ್ಪ ದಿಂಡಿಯ ಕೊನೆಯಲ್ಲಿ, ಎತ್ತಿನ ಗಾಡಿಯ ಧೂಳು ತಿನ್ನುತ್ತಾ ನಡೆದು ಹೋದ. ಮಾಲೆ ಹಾಕಿಸಿಕೊಂಡು ಬಂದ. ಹತ್ತು ತಿಂಗಳು ಒಂದು ಹನಿ ಮುಟ್ಟಲಿಲ್ಲ. ನಡುವೆ ಒಮ್ಮೆ ಕುಡಿಯದೆಯೇ ಗುಂಡಿಗೆ ಇಳಿದ. ಮೂರು ದಿನ ಅನ್ನ ಸೇರಲಿಲ್ಲ. ಆಮೇಲೆ ಗುಂಡಿಯ ಕೆಲಸ ಬಿಟ್ಟು ಹೊಂಬಳದ ಕಡೆ ಶೇಂಗಾ ಕೀಳಲು, ಜೋಳ ಕೊಯ್ಯಲು ಹೋದ. ಮೈ ತುಂಬಿಕೊಂಡ. ರೇಣುಕವ್ವ ಹಣೆಗೆ ದೊಡ್ಡ ಕುಂಕುಮ ಇಡತೊಡಗಿದಳು.

ಅಂಥವನನ್ನು ಆ ದಿನ ಕರೆದುಕೊಂಡು ಹೋದವನು ಬಾಬಣ್ಣ.

ಮಲ್ಲಸಮುದ್ರದ ದಾರಿಯಲ್ಲಿ ಚನ್ನಬಸವಣ್ಣ ಸಾವುಕಾರರ ಕಲ್ಯಾಣಮಂಟಪ. ಇಳಿಯುವವನು ಬಾಬಣ್ಣ, ಹಗ್ಗಕ್ಕೆ ಅವನ ಜೊತೆಗಾರ ಮಾದೇವ ಮತ್ತು ಇನ್ನೊಂದು ಆಳು. ಆ ಇನ್ನೊಂದು ಆಳು ಅವತ್ತು ಬಂದಿರಲಿಲ್ಲ. "ನೀ ಬರೇ ಹಗ್ಗಾ ಹಿಡಿ ಸಾಕು ಅಣ್ಣಾ" ಎಂದು ಕರೆದೊಯ್ದಿದ್ದ. ಗುಂಡಿಯ ಬಾಯಲ್ಲಿ ನಿಂತಾಗ ಸಕ್ರಪ್ಪ ತಮ್ಮನ ಕಾಲು ನೋಡಿದ. ಹಿಮ್ಮಡಿಯಲ್ಲಿ ಗಾಜು ಚುಚ್ಚಿ ಕೀವು ತುಂಬಿತ್ತು.

"ಈ ಕಾಲ್ ಹಾಕ್ಕೊಂಡು ಇಳದ್ರ ಕಾಲಽ ಕೊಳೀತೈತಿ. ಸರಿ, ನಾ ಇಳೀತೀನಿ" ಅಂದ.

ಮಂಟಪದ ಮ್ಯಾನೇಜರ್ ನಂದೀಶ ಅವನ ಕೊರಳು ನೋಡಿದ. "ಲೇ, ಮಾಲಿ ಹಾಕ್ಕೊಂಡು ಗುಂಡ್ಯಾಗ ಇಳೀಬ್ಯಾಡ. ದೇವರಿಗೆ ಮೈಲಿಗಿ ಆಕ್ಕೈತಿ. ಅಲ್ಲಿ ಮೊಳಿಗೆ ಹಾಕು."

ಹಿತ್ತಿಲ ಗೋಡೆಯಲ್ಲಿ ಒಂದು ಮೊಳೆ ಇತ್ತು. ಸಕ್ರಪ್ಪ ಮಾಲೆಯನ್ನು ಎರಡೂ ಕೈಯಲ್ಲಿ ತೆಗೆದು, ಕಣ್ಣಿಗೊತ್ತಿಕೊಂಡು, ಮೊಳೆಗೆ ಹಾಕಿದ. ಗುಂಡಿಯ ಹತ್ತಿರ ಬಂದು ಬಗ್ಗಿದ. ಓಕರಿಕೆ ಬಂದು ಹಿಂದೆ ಸರಿದ. ಮತ್ತೆ ಬಗ್ಗಿದ. ಮತ್ತೆ ಹಿಂದೆ ಸರಿದ.

ಆಗ ಬಾಬಣ್ಣ ಗ್ಲಾಸು ಮುಂದೆ ಹಿಡಿದ. "ಈಗ ಮಾಲಿ ಕೊರಳಾಗ ಇಲ್ಲಲ್ಲಣ್ಣಾ. ಮ್ಯಾಲ ಬಂದು ಜಳಕಾ ಮಾಡಿ ಹಾಕ್ಕೊಳ್ಳಾಕಂತಿ. ತಗೋ."

ಸಕ್ರಪ್ಪ ಮೊಳೆಯ ಕಡೆ ಬೆನ್ನು ಮಾಡಿ ಕುಡಿದ. ಹತ್ತು ತಿಂಗಳು ಒಣಗಿದ್ದ ಮೈಗೆ ಅದು ಒಮ್ಮೆಲೇ ಏರಿತು. ಇಳಿದ. ಉಳಿದ ಬಾಟಲಿಯನ್ನು ಮೇಲಿನ ಇಬ್ಬರು ಕುಡಿದರು. ಒಂದು ಬಡಿತ, ಬಕೆಟ್ಟು ಮೇಲೆ ಬಂತು. ಒಂದು ಬಡಿತ, ಇನ್ನೊಂದು ಬಕೆಟ್ಟು. ಮಾದೇವ ತನ್ನ ಮಾವನ ಮನೆಯ ಎಮ್ಮೆಯ ಕಥೆ ಹೇಳುತ್ತಿದ್ದ. ಎಮ್ಮೆ ಮಾವನನ್ನು ಹಳ್ಳಕ್ಕೆ ಕೆಡವಿದ ಜಾಗಕ್ಕೆ ಬಂದಿದ್ದ. ಆಗ ಎರಡು ಬಡಿತ ಬಿದ್ದವು.

ಒಂದೋ ಎರಡೋ ಎಂದು ಬಾಬಣ್ಣ ಒಂದು ಗಳಿಗೆ ತಡೆದ. ಮಾವ ಹಳ್ಳದಿಂದ ಏಳುವವರೆಗೆ ನಕ್ಕ. ಆಮೇಲೆ ಅಣ್ಣನ ಸೊಂಟದ ಹಗ್ಗ ಎಳೆದ. ಹಗ್ಗ ಭಾರವಾಗಿತ್ತು. ಕುಡಿದವನ ಒಂದು ಗಳಿಗೆ ಎಷ್ಟು ಉದ್ದ ಇರುತ್ತದೆ ಎಂದು ಅವನಿಗೆ ಈಗಲೂ ಗೊತ್ತಿಲ್ಲ.

ಅಣ್ಣನನ್ನು ಎಳೆದು ನೆಲದ ಮೇಲೆ ಮಲಗಿಸಿದಾಗ ನಂದೀಶ ದವಾಖಾನೆಯ ಗಾಡಿಗೆ ಫೋನು ಮಾಡಲಿಲ್ಲ. ಅತ್ತಿತ್ತ ನೋಡಿ, ಖಾಲಿ ಬಾಟಲಿಯನ್ನು ಹುಡುಕಿ ತಂದು, ಹೆಣದ ತಲೆಯ ಪಕ್ಕದಲ್ಲಿ ನೆಟ್ಟಗೆ ಇಟ್ಟ. ಅದಾದ ಮೇಲೆ ಫೋನು ಮಾಡಿದ. ಕುಡಿದು ಬಂದು ಕಾಲು ಜಾರಿ ಬಿದ್ದು ಸತ್ತಿದ್ದಾನೆ ಎಂದು ಪೊಲೀಸರು ಕಾಗದದಲ್ಲಿ ಬರೆದರು. ಗುಂಡಿಗೆ ಆಳನ್ನು ಇಳಿಸಿದ್ದರು ಎಂದು ಬರೆಯಲಿಲ್ಲ. ಹೊಟ್ಟೆಯಲ್ಲಿ ಸೆರೆ ಸಿಕ್ಕಿತ್ತು, ಅಲ್ಲಿಗೆ ಎಲ್ಲ ಮುಗಿಯಿತು. ಬಾಬಣ್ಣನನ್ನು ಕೂರಿಸಿ ಓದಿ ಹೇಳಿದರು. ಅವನು ಸಹಿ ಮಾಡಿದ.

ಮೊಳೆಯ ಮೇಲಿನ ಮಾಲೆಯನ್ನು ಕಿಸೆಗೆ ಹಾಕಿಕೊಂಡು ಬಂದು ಡಬ್ಬಿಯಲ್ಲಿ ಮುಚ್ಚಿಟ್ಟ.

ರೇಣುಕವ್ವ ಅಳಲಿಲ್ಲ. "ಹತ್ತು ತಿಂಗಳು ಮಾಲಿ ಹಾಕ್ಕೊಂಡು ಕದ್ದು ಕುಡದಾನ" ಅಂದಳು. "ನನಗೂ ಮೋಸ, ವಿಠ್ಠಲಗೂ ಮೋಸ. ವಿಠ್ಠಲ ನೋಡ್ಕೊಂಡ." ಕೇರಿಯೂ ಅದನ್ನೇ ಅಂದಿತು. ಅವಳು ಗಂಡನ ಫೋಟೋವನ್ನು ಗೋಡೆಗೆ ಹಾಕಲಿಲ್ಲ. ಜೋಳದ ಚೀಲದ ಹಿಂದೆ, ಮುಖ ಒಳಗೆ ಮಾಡಿ ಇಟ್ಟಳು. ಬಾಬಣ್ಣ ಅದನ್ನು ದಿನವೂ ನೋಡಿದ. ಬಾಯಿ ಬಿಡಲಿಲ್ಲ.

ಸಂಕ್ರಾಂತಿಯ ದಿನ ರೇಣುಕವ್ವ ಅವನ ಕೈಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇಟ್ಟಳು. ಅವನ ಬಾಯಿಂದ ವಾಸನೆ ಬರುತ್ತಿತ್ತು. ಅವಳು ಬೈಯಲಿಲ್ಲ.

"ನೀ ಕುಡಿದ್ರ ಕುಡೀತಿ, ಎದುರಿಗೇ ಕುಡೀತಿ. ಮಾಲಿ ಹಾಕ್ಕೊಂಡು ನಾಟಕಾ ಮಾಡ್ಲಿಲ್ಲ. ನಿಮ್ಮಣ್ಣಗಿಂತ ನೀನಽ ಚಲೋ" ಅಂದಳು.

ಅವನು ಆ ರೊಟ್ಟಿಯನ್ನು ತಿರುಗಿ ಬುಟ್ಟಿಯಲ್ಲಿಟ್ಟ. ಬಿಡಬೇಕು ಅನ್ನಿಸಿದ್ದು ಅವತ್ತು.

ಮೊದಲು ಅಳತೆ ಇಟ್ಟುಕೊಂಡ. ಗುಂಡಿಗೆ ಇಳಿಯುವ ದಿನ ಮಾತ್ರ, ಒಂದೇ ಗ್ಲಾಸು. ಎರಡು ವಾರಕ್ಕೆ ಗೊತ್ತಾಯಿತು, ಮೊದಲ ಗ್ಲಾಸಿನ ಹೊಟ್ಟೆಯಲ್ಲೇ ಎರಡನೆಯದು ಕೂತಿರುತ್ತದೆ. ಗುಂಡಿ ಬಿಡದೆ ಗ್ಲಾಸು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೇ ಬಿಟ್ಟ. ಎರಡನೆಯ ದಿನ ಕೈ ನಡುಗಿ ಚಹದ ಕಪ್ಪು ಬಿತ್ತು. ಗೋಡೆಯ ತುಂಬ ಇಲ್ಲದ ಇರುವೆ ಹರಿದಾಡಿದವು. ರೇಣುಕವ್ವ ಅವನನ್ನು ರಟ್ಟೆ ಹಿಡಿದು ದವಾಖಾನೆಗೆ ಕರೆದೊಯ್ದಳು. ನರ್ಸಬಾಯಿ ಜೈಬುನ್ನೀಸಾ ಗುಳಿಗೆ ಎಣಿಸಿಕೊಟ್ಟು, "ಇಷ್ಟ ಕುಡದಾವ ಒಮ್ಮಿಗೇ ಬಿಟ್ರ ಜೀವಕ್ಕ ಬರತೈತಿ. ಡಾಕ್ಟರ್ ಹೇಳಿದಂಗ ಈ ಗುಳಿಗಿ ತಗೊಂಡಽ ಬಿಡಬೇಕು. ಸಂಜಿ ಮುಂದ ಒಬ್ಬಾವ ಕುಂಡ್ರಬ್ಯಾಡ, ಹಸಗೊಂಡೂ ಇರಬ್ಯಾಡ" ಅಂದಳು.

ಸಂಜೆಯೇ ಕಷ್ಟ. ಐದು ಗಂಟೆಗೆ ನಾಲಿಗೆ ತಾನೇ ಎದ್ದು ಕೂರುತ್ತಿತ್ತು. ಅಂಗಡಿಯ ಓಣಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುವುದನ್ನು ಕಲಿತ. ಕಿಸೆಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡ. ಗುರುವಾರ ಬಂದರೆ ಲೈಟಿನ ಕಂಬದ ಬುಡಕ್ಕೆ ಹೋಗಿ ಕೂತ. ದಿನ ಹೋದಂತೆ ಕೈ ನಡುಗುವುದು ನಿಂತಿತು. ಕಣ್ಣು ತಿಳಿಯಾಯಿತು. ಕಿವಿಯೂ ತಿಳಿಯಾಯಿತು. ಟಕ್ ಟಕ್. ಮೌನ. ಈಗ ಅದನ್ನು ಮುಚ್ಚುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ಒಂದು ಗುರುವಾರ ಭಜನೆ ಮುಗಿದ ಮೇಲೆ ಸುಮಿತ್ರವ್ವ ರಸ್ತೆ ದಾಟಿ ಕಂಬದ ಹತ್ತಿರ ಬಂದಳು. ಮಗ್ಗದ ಕುಣಿಯಲ್ಲಿ ಐವತ್ತು ವರ್ಷ ಕೂತ ಕಾಲು, ಎಳೆಯುತ್ತಾ ಬಂದಳು.

"ಸಕ್ರಪ್ಪನ ದನಿ ಇಲ್ದ ಪದ ಸಪ್ಪಗಾಗೇತಿ" ಅಂದಳು.

ಬಾಬಣ್ಣ ನೆಲ ನೋಡುತ್ತಾ ಕೇಳಿದ. "ಯವ್ವಾ, ಮಾಲಿ ತಗದು ಮೊಳಿಗೆ ಹಾಕಿ ಕುಡದ್ರ ವಿಠ್ಠಲನ ಆಣಿ ಮುರದಂಗಽ ಏನ್ರಿ?"

ಮುದುಕಿ ಕಂಬಕ್ಕೆ ಕೈ ಊರಿ ನಿಂತಳು. "ಹಾಕಿದಾವನ್ನ ಆಮ್ಯಾಲ ಕೇಳೂಣಂತ" ಅಂದಳು. "ಹಾಕು ಅಂದಾವ ಯಾರು? ಕುಡಿ ಅಂದಾವ ಯಾರು? ಅದನ್ನ ಕೇಳಿಲ್ಲಲ್ಲ ಯಾರೂ."

ಮತ್ತೆ ವೈಶಾಖ ಬಂತು. ಒಂದು ಮುಂಜಾನೆ ನಂದೀಶನ ಮೋಟರ್‌ಸೈಕಲ್ಲು ಕೇರಿಯ ಬಾಯಲ್ಲಿ ನಿಂತಿತು. ಅವನು ಇಳಿಯಲಿಲ್ಲ. ಹಾರ್ನು ಬಾರಿಸಿ ಕರೆದ.

"ಬಾಬ್ಯಾ, ಶುಕ್ರವಾರ ಸಾವ್ಕಾರ್ರ ಮಗಳು ನೇತ್ರಾಂದು ಮದುವಿ. ಗುಂಡಿ ತುಂಬೇತಿ. ಟ್ಯಾಂಕರ್ ತರಿಸಿದ್ವಿ, ನೀರಷ್ಟ ಎಳಕೊಂಡು ಹೋತು. ತಳದಾಗ ಗಟ್ಟಿ ಕುಂತೈತಿ, ಇಳದು ಕೆದರಬೇಕು."

"ಅದಽ ಗುಂಡಿ ಏನ್ರಿ?"

"ಮತ್ಯಾವ್ದು? ಮಂಟಪಕ್ಕ ಎಷ್ಟ ಗುಂಡಿ ಇರ್ತಾವ?"

"ನಾ ಆ ಕೆಲಸಾ ಬಿಟ್ಟೀನ್ರಿ. ಮನಷ್ಯಾನ್ನ ಇಳಸಬಾರ್ದು ಅಂತ ಕಾಯ್ದೆನೂ ಐತಿ."

ನಂದೀಶ ನಕ್ಕ. "ಕುಡಿಯೋದು ಬಿಟ್ಟ ಮ್ಯಾಲ ಕಾಯ್ದೆ ಓದಾಕ ಕಲತೀ? ಲೇ, ನಿಮ್ಮತ್ತಿಗಿ ಕಸಾ ಗುಡಸೋ ಗುತ್ತಿಗಿ ಯಾರ್ದು? ಸಾವ್ಕಾರ್ರ ಬೀಗರದು. ನಾಳಿ ಆಕಿನ್ನ ಮನ್ಯಾಗ ಕುಂಡ್ರಸ್ಲ್ಯಾ? ಬುಧವಾರ ಮುಂಜಾನಿ ಹಿಂದಿನ ಬಾಗಲದಾಗ ಬಾ. ಮುಂದಿನಿಂದ ಬರಬ್ಯಾಡ, ಬೀಗರು ಇರ್ತಾರ."

ಬುಧವಾರ ಬಾಬಣ್ಣ ಡಬ್ಬಿ ತೆರೆದ. ಮಾಲೆ ಇದ್ದ ಹಾಗೇ ಇತ್ತು, ಒಂದು ಮಣಿಗೆ ಸುಣ್ಣ ಮೆತ್ತಿತ್ತು. ಆ ಗೋಡೆಯ ಸುಣ್ಣ. ಕೊರಳಿಗೆ ಹಾಕಿಕೊಂಡು ಅಂಗಿಯ ಗುಂಡಿ ಹಚ್ಚಿದ. ಇಳಿಯುತ್ತೇನೋ ಇಲ್ಲವೋ ಎಂದು ಅವನಿಗೇ ಗೊತ್ತಿರಲಿಲ್ಲ. ಅತ್ತಿಗೆಯ ಕಸಬರಿಗೆ ಉಳಿಯಬೇಕು ಎಂದಷ್ಟೇ ಗೊತ್ತಿತ್ತು.

ಮಂಟಪದ ಮುಂದೆ ರೇಣುಕವ್ವ ಬಗ್ಗಿ ಗುಡಿಸುತ್ತಿದ್ದಳು. ಮದುವೆಯ ಅಂಗಳಕ್ಕೆ ಗುತ್ತಿಗೆಯವರು ಅವಳನ್ನೇ ಹಚ್ಚಿದ್ದರು. ಅವಳು ತಲೆ ಎತ್ತಲಿಲ್ಲ. ಬಾಬಣ್ಣ ಹಿಂದಿನ ಬಾಗಿಲಿಗೆ ಹೋದ.

ಮಾದೇವ ಆಗಲೇ ಬಂದಿದ್ದ. ಚಪ್ಪಡಿ ಸರಿಸಿದ್ದರು. ವಾಸನೆ ಬಂದು ಬಾಬಣ್ಣನ ಮುಖಕ್ಕೆ ಬಡಿಯಿತು. ಇಷ್ಟು ವರ್ಷ ಇಳಿದ ಗುಂಡಿಗಳ ವಾಸನೆ ನಿಜವಾಗಿ ಹೇಗಿರುತ್ತದೆ ಎಂದು ಅವನಿಗೆ ಮೊದಲ ಸಲ ತಿಳಿಯಿತು. ಕೊಳೆತ ತತ್ತಿಯಂಥ ವಾಸನೆ. ಅದರ ಕೆಳಗೆ ಇನ್ನೊಂದು, ಸಿಹಿಯಾದದ್ದು, ತಲೆಯನ್ನು ಹಿಂಡುವಂಥದ್ದು. ಈ ಎರಡನೆಯದನ್ನು ಅಣ್ಣನ ಮೂಗು ಹಿಡಿದಿತ್ತು. ಓಕರಿಸಿ ಹಿಂದೆ ಸರಿದದ್ದು ಅದಕ್ಕೇ. ಇಳಿಯಬೇಡ ಎಂದು ಹೇಳುತ್ತಿದ್ದ ಮೂಗನ್ನು ತಾನು ಒಂದು ಗ್ಲಾಸು ಕೊಟ್ಟು ಸಾಯಿಸಿದ್ದ.

ಗೋಡೆಯಲ್ಲಿ ಮೊಳೆ ಇತ್ತು. ಹೊಸ ಸುಣ್ಣ ಹೊಡೆದಿದ್ದರು. ಮೊಳೆಗೂ ಹೊಡೆದಿದ್ದರು.

"ಯಾಕೋ, ದೆವ್ವಾ ನೋಡಿದಾವ್ರಂಗ ನಿಂತೀದಿ?" ಮಾದೇವ ಕೇಳಿದ. ಅವನ ದನಿಯಲ್ಲೂ ನಗೆ ಇರಲಿಲ್ಲ. ಈ ಸಲ ಅವನಿಗೆ ಹೇಳಲು ಎಮ್ಮೆಯ ಕಥೆಯೂ ಇರಲಿಲ್ಲ.

ನಂದೀಶ ಗ್ಲಾಸು ತುಂಬಿದ. ಚನ್ನಬಸವಣ್ಣ ಸಾವುಕಾರರು ಮೂಗಿಗೆ ಟವೆಲು ಹಿಡಿದು ದೂರದಲ್ಲಿ ಬಂದು ನಿಂತರು. ಹಣೆಯಲ್ಲಿ ವಿಭೂತಿ, ಒಳ್ಳೆಯ ಮಾತಿನ ಮನುಷ್ಯ.

"ಬಾಬಣ್ಣಾ, ಮಗಳ ಮದುವಿ ಐತಪಾ. ಚಂದಂಗ ಮಾಡು. ಶುಕ್ರವಾರ ಉಂಡಽ ಹೋಗ್ರಿ. ಹಿತ್ತಲದಾಗ ಪತ್ರೋಳಿ ಇಡಸ್ತೀನಿ."

ಬಾಬಣ್ಣ ಗ್ಲಾಸು ತೆಗೆದುಕೊಂಡ. ನಾಲ್ಕು ತಿಂಗಳ ನಂತರ ಕೈಯಲ್ಲಿ ಗ್ಲಾಸು. ಬಾಯಲ್ಲಿ ನೀರೂರಿತು. ಒಂದು ಗುಟುಕು ಒಳಗೆ ಹೋದರೆ ವಾಸನೆ ಹೋಗುತ್ತದೆ. ಬಡಿತವೂ ಹೋಗುತ್ತದೆ. ಮೈಯೆಲ್ಲ ಅದನ್ನೇ ಕೇಳಿತು. ಗ್ಲಾಸಿಗೆ ಬಾಯಿ ಹಚ್ಚಲು ಬಗ್ಗಿದಾಗ ಮಾಲೆ ಅಂಗಿಯಿಂದ ಹೊರಬಿದ್ದು ಜೋತಾಡಿತು.

"ಏ ತಡಿ" ನಂದೀಶ ಅಂದ. "ಅದನ್ನ ತಗದು ಮೊಳಿಗೆ ಹಾಕು. ದೇವರಿಗೆ ಮೈಲಿಗಿ ಆಕ್ಕೈತಿ."

ಅದೇ ಮಾತು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಬಣ್ಣನ ಕೈ ಕೊರಳಿಗೆ ಹೋಯಿತು. ಅಲ್ಲೇ ನಿಂತಿತು.

"ಮಣಿಗೆ ಮೈಲಿಗಿ ಆಕ್ಕೈತಿ. ನನಗ ಆಗಂಗಿಲ್ಲೇನು?"

"ಏನಂದಿ?"

"ಈ ಸೆರಿ ಯಾಕ ಕೊಡ್ತೀರಿ ಸಾವ್ಕಾರ್ರ?"

"ವಾಸನಿ ಬಡೀಬಾರ್ದು ಅಂತ ಅಪಾ. ನಿಮ್ಮ ಚಲೋದಕ್ಕಽ."

"ಅಲ್ಲ. ಸತ್ತ್ರ ಕುಡದಿದ್ದ ಅಂತ ಬರ್ಯಾಕ ಕೊಡ್ತೀರಿ. ನಮ್ಮಣ್ಣ ಹತ್ತ ತಿಂಗಳು ಬಾಯಿಗೆ ಹಚ್ಚಿರಲಿಲ್ಲ. ಮಾಲಿ ತಗಸಿದಾವ ಈ ನಂದೀಶ. ಬಾಟ್ಲಿ ನಿಮ್ದು. ಗುಂಡಿ ನಿಮ್ದು. ಸಹಿ ನಂದು."

"ಲೇ, ದನಿ ಸಣ್ಣ ಮಾಡು, ಬೀಗರದಾರ" ನಂದೀಶ ಹತ್ತಿರ ಬಂದ.

ಬಾಬಣ್ಣ ಗ್ಲಾಸನ್ನು ನೆಲಕ್ಕೆ ಸುರಿದ. ನಿಧಾನವಾಗಿ, ಕೊನೆಯ ಹನಿಯವರೆಗೆ ನೋಡುತ್ತಾ ಸುರಿದ. "ನಾ ಇಳಿಯಂಗಿಲ್ಲ. ಕುಡದೂ ಇಳಿಯಂಗಿಲ್ಲ, ಕುಡೀದನೂ ಇಳಿಯಂಗಿಲ್ಲ. ಮಾದ್ಯಾ, ನೀನೂ ಇಳೀಬ್ಯಾಡ. ಒಳಗ ಗಾಳಿ ಕೆಟ್ಟೈತಿ. ನನಗ ವಾಸನಿ ಬರಾಕತ್ತೈತಿ."

ತಗಡಿನ ಬಕೆಟ್ಟು ಎತ್ತಿಕೊಂಡ. ಒಂದು ಕಲ್ಲು ಎತ್ತಿಕೊಂಡ. ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಮಂಟಪದ ನಡುವಿನಿಂದ, ಹೂವಿನ ಬುಟ್ಟಿಗಳ ಪಕ್ಕದಿಂದ, ಹಸಿ ರಂಗೋಲಿ ದಾಟಿ ಮುಂದಿನ ಬಾಗಿಲಿಗೆ ನಡೆದ. ಜನ ಅಂಗಿ ಸೀರೆ ಹಿಡಿದು ಸರಿದರು. ಮೆಟ್ಟಿಲ ಮೇಲೆ ನಿಂತು ಬಕೆಟ್ಟಿಗೆ ಬಡಿದ. ಟಣ್ ಟಣ್. ನಿಲ್ಲಿಸಿದ. ಟಣ್ ಟಣ್. ನಿಲ್ಲಿಸಿದ.

ರೇಣುಕವ್ವ ಕಸಬರಿಗೆ ಬಿಟ್ಟು ಓಡಿ ಬಂದಳು. "ಏನಾತೋ? ಮತ್ತ ಕುಡದೇನು?" ಎಂದು ಅವನ ಬಾಯಿ ಮೂಸಿದಳು. ವಾಸನೆ ಇರಲಿಲ್ಲ. ಆಗ ಅವಳ ಕಣ್ಣು ಮಾಲೆಯ ಮೇಲೆ ಬಿತ್ತು. ಸುಣ್ಣ ಮೆತ್ತಿದ ಮಣಿಯನ್ನು ಹಿಡಿದಳು. "ಇದು ಅವರದು. ನಿನ್ನ ಕಡೆ ಹ್ಯಾಂಗ ಬಂತು?"

"ಅಣ್ಣ ಕದ್ದು ಕುಡದಿಲ್ಲ ಅತ್ತಿಗಿ. ಹತ್ತ ತಿಂಗಳು ಖರೇನಽ ಬಿಟ್ಟಿದ್ದ. ಆವತ್ತು ಮಾಲಿ ಮೊಳಿಗೆ ಹಾಕು ಅಂದ್ರು. ಗ್ಲಾಸು ಕೊಟ್ಟಾವ ನಾನು."

ಅವಳು ಅವನ ಮುಖವನ್ನೇ ನೋಡಿದಳು.

"ಕೆಳಗ ಹೋದ ಮ್ಯಾಲ ಎರಡ ಸಲ ಬಡದ. ನನಗ ಕೇಳಿಸ್ತು."

"ಎರಡ ಸಲ?"

"ಎರಡ ಸಲ."

"ನೀ ಏನ್ ಮಾಡಾಕತ್ತಿದ್ದಿ?"

"ನಗಾಕತ್ತಿದ್ನಿ. ಕುಡದಿದ್ನಿ."

ರೇಣುಕವ್ವನ ಕೈ ಎದ್ದು ಅವನ ಕೆನ್ನೆಗೆ ಬಿತ್ತು. ಗುಡಿಸುವ ಕೈ, ಗಟ್ಟಿ ಕೈ. ಬಾಬಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಅವಳು ಇನ್ನೊಂದು ಏಟು ಹೊಡೆಯಲಿಲ್ಲ. ಬಗ್ಗಿ ಅವನ ಕೊರಳಿಂದ ಮಾಲೆ ತೆಗೆದಳು. ಸೀರೆಯ ಸೆರಗಿನಿಂದ ಆ ಮಣಿಯ ಸುಣ್ಣ ಒರೆಸಿದಳು. ಒರೆಸಿದಳು, ಒರೆಸಿದಳು. ಆಮೇಲೆ ತನ್ನ ಕೊರಳಿಗೆ ಹಾಕಿಕೊಂಡಳು.

"ಒಂದು ವರ್ಸ ನಾ ಅವರ ಫೋಟೋ ಗ್ವಾಡಿ ಕಡೆ ತಿರುವಿ ಇಟ್ಟೀನಲ್ಲೋ" ಅಂದಳು. ಯಾರಿಗೆ ಅಂದಳೋ.

ನಂದೀಶ ಹೊರಗೆ ಬಂದ. ಹಿಂದೆ ಸಾವುಕಾರರು, ಅವರ ಹಿಂದೆ ಬೀಗರು. "ರೇಣುಕವ್ವಾ, ಇವನ್ನ ಕರಕೊಂಡು ನಡಿ. ಇಲ್ಲಂದ್ರ ನಾಳಿಂದ ನೀನೂ ಕೆಲಸಕ್ಕ ಬರಬ್ಯಾಡ."

ರೇಣುಕವ್ವ ಅವನ ಕಡೆ ನೋಡಲಿಲ್ಲ. ಬಿದ್ದಿದ್ದ ಬಕೆಟ್ಟನ್ನು ಎತ್ತಿ ಎಡಗೈಯಲ್ಲಿ ಹಿಡಿದಳು. ಕಲ್ಲನ್ನು ಬಲಗೈಯಲ್ಲಿ ಹಿಡಿದಳು. ಹಿತ್ತಿಲ ಕಡೆಯಿಂದ ಮಾದೇವ ಬಂದು ಹಗ್ಗವನ್ನು ಅವಳ ಕಾಲ ಬಳಿ ಒಗೆದು ನಿಂತ. ಮಂಟಪದ ಒಳಗೆ ಸನಾದಿ ಊದಿ ನೋಡುತ್ತಿದ್ದವನು ನಿಲ್ಲಿಸಿದ.

ಅವಳು ಬಡಿದಳು. ಟಣ್.

ಎರಡನೆಯ ಬಡಿತ ಮುಗಿಯುವ ಮೊದಲೇ ಬಾಬಣ್ಣ ಎದ್ದು ನಿಂತಿದ್ದ.